ಆಪಾ ಮತ್ತು ಶುಕ್ರವಾರದ ಕೈಗುಣ

ಆಕೆಯ ಬಲಗೈಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಎಳೆಯ ವಯಸ್ಸಿನಲ್ಲಿ ವರ್ಷಗಟ್ಟಲೆ ರೇಷ್ಮೆಗೂಡು ಬೇಯುವ ಬಿಸಿನೀರಿಗೆ ಅದ್ದಿ ಅದ್ದಿ ಅವು ಬಿಳಿಚಿಕೊಂಡು, ನಯವಾಗಿ, ಹುಣಸೆಬೀಜದ ಹಾಗೆ ಹೊಳೆಯುತ್ತಿದ್ದವು. ನಮ್ಮ ಆಫೀಸಿಗೆ ಹಾಜರಿ ಹಾಕುವ ಬೆರಳಚ್ಚಿನ ಮೆಷಿನ್ ಬಂದ ದಿನ ಅದು ಎಲ್ಲರನ್ನೂ ಗುರುತು ಹಿಡಿಯಿತು, ಆಕೆಯನ್ನು ಮಾತ್ರ ಹಿಡಿಯಲಿಲ್ಲ. ತಿರುಗಿಸಿ ತಿರುಗಿಸಿ ಒತ್ತಿ ನೋಡಿದರು. ಕೊನೆಗೆ ದುಪಟ್ಟಾದ ತುದಿಯಲ್ಲಿ ಬೆರಳು ಒರೆಸಿಕೊಂಡು, "ಹೋಗ್ಲಿ ಬಿಡ್ರಪ್ಪ, ಇದರ ಲೆಕ್ಕದಲ್ಲಿ ನಾನು ಹುಟ್ಟೇ ಇಲ್ಲ" ಎಂದು ನಕ್ಕು, ಹೋಗಿ ತಮ್ಮ ಜಾಗದಲ್ಲಿ ಕೂತು, ಆ ಮೆಷಿನ್ನಿನ ಡೇಟಾಬೇಸನ್ನೇ ತೆರೆದರು. ಅದನ್ನು ನಡೆಸುತ್ತಿದ್ದವರೂ ಆಕೆಯೇ ತಾನೆ.

ಎಲ್ಲರೂ ಆಕೆಯನ್ನು ಆಪಾ ಎನ್ನುತ್ತಿದ್ದೆವು. ಆಪಾ ಅಂದರೆ ಅಕ್ಕ. ವಯಸ್ಸಿನಲ್ಲಿ ಹಿರಿಯರಾಗಿದ್ದ, ನಮ್ಮ ರೇಷ್ಮೆನೂಲಿನ ಸಹಕಾರ ಸಂಘದ ಕಾರ್ಯದರ್ಶಿಗಳೂ ಆಪಾ ಎಂದೇ ಕರೆಯುತ್ತಿದ್ದರು. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರ ಮನೆಯ ಮಗಳು. ಅಮ್ಮನ ಪಕ್ಕದಲ್ಲಿ ಕೂತು ಗೂಡಿನಿಂದ ಎಳೆ ಹಿಡಿಯುತ್ತಲೇ ಪಿಯುಸಿ ಓದಿ, ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ಕೆಲವು ವರ್ಷ ಕೆಲಸ ಮಾಡಿ, ಬೇಕೆಂದೇ ವಾಪಸು ಬಂದು ಚಿಕ್ಕಬಳ್ಳಾಪುರದ ನಮ್ಮ ಆಫೀಸಿನಲ್ಲಿ ಡೇಟಾಬೇಸಿನ ಉಸ್ತುವಾರಿ ಹಿಡಿದಿದ್ದರು. ನಾನು ನೆಟ್‌ವರ್ಕಿನವನು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಈ ನಾಲ್ಕೂ ಕಡೆಯ ಮೆಷಿನ್ನುಗಳು ಒಂದರೊಡನೊಂದು ಮಾತಾಡುವ ದಾರಿ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ನಾನು ಆಕೆಯ ಬಾಯಲ್ಲಿ 'ನೆಟ್‌ವರ್ಕಪ್ಪ' ಆದೆ. ಏನೇ ಕೆಟ್ಟರೂ ಆಕೆ "ನಿನ್ನ ದಾರಿ ನೋಡ್ಕೋ ನೆಟ್‌ವರ್ಕಪ್ಪ" ಅನ್ನುವುದು, ನಾನು "ನಿಮ್ಮ ಡೇಟಾಬೇಸ್ ಮಲಗಿರಬೇಕು, ಎಬ್ಬಿಸಿ ಆಪಾ" ಅನ್ನುವುದು. ಈ ಎರಡು ಜಾತಿಯವರ ಜಗಳ ಎಲ್ಲ ಆಫೀಸಿನಲ್ಲೂ ಇದ್ದದ್ದೇ.

ಆದರೆ ಆಕೆಯಂಥ ಕೇಳುಗರನ್ನು ನಾನು ನೋಡಿಲ್ಲ. ನನಗೆ ಮಾತು ಜಾಸ್ತಿ. ಕೈವಾರದ ಕಡೆಯ ನಮ್ಮಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವನು, ಒಂದು ವಿಷಯ ಹೇಳಬೇಕಾದರೆ ಮೂರು ಊರು ಸುತ್ತಿ ಬರುತ್ತೇನೆ. ಬೇರೆಯವರು ಗಡಿಯಾರ ನೋಡುತ್ತಿದ್ದರು. ಆಪಾ ಕೀಬೋರ್ಡಿನ ಮೇಲೆ ಆ ನಯವಾದ ಬೆರಳುಗಳನ್ನು ಓಡಿಸುತ್ತಲೇ "ಹ್ಞೂಂ" ಅನ್ನುತ್ತಿದ್ದರು. ಸುಮ್ಮನೆ ಅನ್ನುವ ಹ್ಞೂಂ ಅಲ್ಲ. ಬೇಜಾರಿನ ಜಾಗದಲ್ಲಿ ತಗ್ಗಿದ ಹ್ಞೂಂ, ತಮಾಷೆಯ ಜಾಗದಲ್ಲಿ ಮೂಗಿನಿಂದ ಚಿಮ್ಮುವ ಹ್ಞೂಂ, ನಾನು ಸ್ವಲ್ಪ ಉಪ್ಪುಖಾರ ಹಚ್ಚಿದ ಜಾಗದಲ್ಲಿ ಉದ್ದಕ್ಕೆ ಎಳೆದ ಹ್ಞೂಂ.

ಶಿಡ್ಲಘಟ್ಟದಲ್ಲಿ ನಮ್ಮ ಸಂಘದ ನೂಲಿನ ಹರಾಜು ಹಾಲ್ ಇದೆ. ತೆಗೆದ ರೇಷ್ಮೆನೂಲನ್ನು ಲಾಟು ಕಟ್ಟಿ ಅಲ್ಲಿ ತಂದಿಡುತ್ತಾರೆ, ಕೊಳ್ಳುವವರು ಬಾಯಲ್ಲಿ ಬೆಲೆ ಕೂಗುತ್ತಾರೆ, ಕೊನೆಯ ಬೆಲೆಗೆ ಲಾಟಿನವರು ಒಪ್ಪಬೇಕು. ಹಳೆಯ ಕಾಲದಲ್ಲಿ ಆ ಒಪ್ಪಿಗೆಯನ್ನು ಹಾಲಿನಲ್ಲಿ ನಿಂತೇ ಹೇಳಬೇಕಿತ್ತು. ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ಆಪಾ ಅವರ ಅಮ್ಮ ಜೀವಮಾನವಿಡೀ ನೂಲು ತೆಗೆದರೂ ಆ ಹಾಲಿನ ಹೊಸಲು ದಾಟಿದವರಲ್ಲ. ನೆಂಟರಲ್ಲಿ ಯಾರೋ ಒಬ್ಬರು ನೂಲು ಹೊತ್ತುಕೊಂಡು ಹೋಗಿ, ಕೂಗಿದ ಬೆಲೆಗೆ ತಲೆಯಾಡಿಸಿ ಬರುತ್ತಿದ್ದರು.

"ಒಂದ್ಸಲ ಅಮ್ಮ ಕೇಳಿದ್ಲು, ಇಷ್ಟು ಕಮ್ಮಿಗೆ ಯಾಕೆ ಒಪ್ಕೊಂಡ್ರಿ, ಬೇಡ ಅನ್ನಬೋದಿತ್ತಲ್ಲ ಅಂತ" ಎಂದು ಆಪಾ ನನಗೆ ಹೇಳಿದ್ದರು. "ಅದಕ್ಕವರು, ಅಲ್ಲಿ ನಿಂತ್ಕೊಂಡು ಯಾರನ್ನ ಕೇಳಿ ಬೇಡ ಅನ್ನಲಿ ಅಂದ್ರು. ಅಮ್ಮ ಎದ್ದು ಒಲೆಗೆ ಸೌದೆ ಹಾಕಿದ್ಲು."

ಆ ಒಂದು ಮಾತು ಆಕೆಯ ಎದೆಯಲ್ಲಿ ಕೂತಿತ್ತು. ಸಂಘಕ್ಕೆ ಬಂದ ಮೇಲೆ ಕಾರ್ಯದರ್ಶಿಗಳ ಬೆನ್ನು ಬಿದ್ದು, ವರ್ಷವೊಂದು ವಾದ ಮಾಡಿ, ಮನೆಯಲ್ಲೇ ನೂಲು ತೆಗೆಯುವ ಹೆಂಗಸರಿಗಾಗಿ ಫೋನಿನಲ್ಲಿ ಎರಡು ಬಟನ್ ಇಡಿಸಿದರು. ಹಾಲಿನಲ್ಲಿ ಕೊನೆಯ ಬೆಲೆ ಕೂಗಿದ ಕೂಡಲೇ ಅದು ಲಾಟಿನ ಹೆಂಗಸಿನ ಫೋನಿಗೆ ಬರುತ್ತದೆ. 'ಒಪ್ಪಿಗೆ', 'ಬೇಡ', ಎರಡರಲ್ಲಿ ಒಂದನ್ನು ಕೆಲವು ನಿಮಿಷಗಳೊಳಗೆ ಒತ್ತಬೇಕು. ಆ ಉತ್ತರ ಶಿಡ್ಲಘಟ್ಟದ ಹಾಲಿನ ಮೆಷಿನ್ನಿನಿಂದ ಚಿಕ್ಕಬಳ್ಳಾಪುರದ ಡೇಟಾಬೇಸಿಗೆ ಹೋಗಿ ದಾಖಲಾದರೆ ವ್ಯಾಪಾರ ಕುದುರಿದ ಹಾಗೆ. ಆಗದಿದ್ದರೆ ಲಾಟು ಮಾರನೇ ದಿನಕ್ಕೆ ಬೀಳುತ್ತದೆ. ಹಿಂದಿನ ದಿನ ಉಳಿದ ನೂಲೆಂದರೆ ಕೊಳ್ಳುವವರಿಗೆ ಅಸಡ್ಡೆ, ಬೆಲೆಯೂ ಇಳಿಯುತ್ತದೆ.

ಬಟನ್ ಚೆನ್ನಾಗಿಯೇ ನಡೆಯಿತು, ಶುಕ್ರವಾರ ಒಂದನ್ನು ಬಿಟ್ಟು.

ಶುಕ್ರವಾರ ಜುಮ್ಮಾ ನಮಾಜಿಗೆ ಹಾಲಿನಲ್ಲಿ ಒಂದೂವರೆ ಗಂಟೆಯ ಉದ್ದನೆಯ ಬಿಡುವು. ನಮಾಜು, ಊಟ, ಎರಡು ಮಾತು, ಎಲ್ಲ ಮುಗಿಸಿ ಲಾಟಿನ ಗಂಡಸರು ಬರುವುದು ನಿಧಾನ. ಅವರು ಬರುವವರೆಗೆ ಸುಮ್ಮನೆ ಯಾಕೆ ಕೂರಬೇಕೆಂದು ಹಾಲಿನವರು ಹೆಂಗಸರ 'ಮನೆ ಲಾಟು'ಗಳನ್ನು ಮೊದಲು ಎತ್ತುತ್ತಿದ್ದರು. ಹಾಗೆ ಎತ್ತಿದ ಮೊದಲ ಲಾಟು ಪ್ರತಿ ಶುಕ್ರವಾರ ಕೈತಪ್ಪುತ್ತಿತ್ತು. ಆ ಹೆಂಗಸು ಫೋನಿನಲ್ಲಿ ಒತ್ತುತ್ತಿದ್ದಳು, ಚಕ್ರ ತಿರುಗುತ್ತಲೇ ಇರುತ್ತಿತ್ತು, ಹೊತ್ತು ಮೀರುತ್ತಿತ್ತು. ಅದಾದ ಸ್ವಲ್ಪ ಹೊತ್ತಿಗೆ ಎಲ್ಲವೂ ತಾನಾಗಿಯೇ ಸರಿ. ದೂರು ನಮ್ಮ ಕಿವಿಗೆ ಬಿದ್ದು ನಾವು ನೋಡುವ ಹೊತ್ತಿಗೆ ಒಂದು ಕೂದಲಿನಷ್ಟೂ ದೋಷ ಕಾಣುತ್ತಿರಲಿಲ್ಲ. ಹಾಲಿನಲ್ಲಿ ಮಾತು ಶುರುವಾಯಿತು. "ಹೆಂಗಸರಿಗೆ ಫೋನ್ ಒತ್ತಕ್ಕೆ ಬರಲ್ಲ ಸಾರ್, ಮೆಷಿನ್ ಏನ್ ಮಾಡುತ್ತೆ?"

ಕಾರ್ಯದರ್ಶಿಗಳು ನನ್ನನ್ನು ಶುಕ್ರವಾರ ಶಿಡ್ಲಘಟ್ಟಕ್ಕೆ ಅಟ್ಟಿದರು. ಬಿಡುವಿನಲ್ಲಿ ಖಾಲಿ ಹಾಲಿನಲ್ಲಿ ಕೂತು, ಪರೀಕ್ಷೆಗೆಂದು ಇಟ್ಟ ಒಂದು ಸುಳ್ಳು ಲಾಟಿನ ಮೇಲೆ ನನ್ನ ಫೋನಿನಿಂದ ಬಟನ್ ಒತ್ತಿ ಒತ್ತಿ ನೋಡಿದೆ. ಎಲ್ಲ ಸರಿ. ಬಿಡುವು ಮುಗಿದು ಮೊದಲ ಲಾಟು ಎದ್ದಿತು, ಅದೂ ಸರಿ. ಮುಂದಿನ ಶುಕ್ರವಾರ ಹೋದೆ, ಸರಿ. ಅದರ ಮುಂದಿನ ಶುಕ್ರವಾರ ನಮ್ಮ ಕಡೆಯ ಮದುವೆಯೊಂದಕ್ಕೆ ಹೋದೆ. ಲಾಟು ಬಿತ್ತು. ಮತ್ತೆ ನಾನು ಹೋದ ವಾರ ಸರಿ. ಹಾಲಿನ ಕಾವಲುಗಾರರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಕೈಗುಣ ಕಣಪ್ಪ ಇದು, ನೀನು ಡಾಕ್ಟ್ರಾಗಬೇಕಿತ್ತು" ಎಂದರು. ಕೊಳ್ಳುವವರು ಟೀ ತರಿಸಿಕೊಟ್ಟರು. ನನಗೂ ಒಳಗೊಳಗೇ ಹಿಗ್ಗು.

ಕಾರ್ಯದರ್ಶಿಗಳಿಗೆ ಹಿಗ್ಗಾಗಲಿಲ್ಲ. ನಮ್ಮಿಬ್ಬರನ್ನೂ ಕರೆಸಿ ಹೇಳಿದರು, "ಇವರ ಕೈಗುಣ ನಂಬ್ಕೊಂಡು ಸಂಘ ನಡ್ಸಕ್ಕಾಗಲ್ಲ ಆಪಾ. ಬರೋ ಶುಕ್ರವಾರ ಇವರು ಅಲ್ಲಿರಬಾರದು. ಆಗಲೂ ಲಾಟು ಬಿದ್ರೆ ಬಟನ್ ತೆಗೆದುಬಿಡಣ. ಮೊದ್ಲಿನ ಹಾಗೆ ಅವರ ಕಡೆ ಗಂಡಸರು ಬಂದು ಒಪ್ಪಲಿ."

ಆಪಾ ಹೊರಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತು, ಬಿಳಿಚಿದ ಬೆರಳುಗಳನ್ನು ಒಂದರ ಮೇಲೊಂದು ತೀಡುತ್ತಾ ಕೇಳಿದರು.

"ಅಲ್ಲಿ ಬಿಡುವಿನಲ್ಲಿ ಕೂತ್ಕೊಂಡು ಏನ್ ಮಾಡ್ತೀಯ ನೀನು?"

"ಬಟನ್ ಒತ್ತಿ ನೋಡ್ತೀನಿ ಆಪಾ."

"ಎಷ್ಟೊತ್ತಿಗೊಂದ್ಸಲ?"

"ಸುಮ್ನೆ ಕೂರೋ ಜೀವ ಅಲ್ಲ ನಂದು, ಗೊತ್ತಲ್ಲ. ಒತ್ತತಾನೇ ಇರ್ತೀನಿ."

ಹ್ಞೂಂ ಬರಲಿಲ್ಲ. ನಾನು ತಲೆಯೆತ್ತಿ ನೋಡಿದೆ. ಆಕೆಯ ಕಣ್ಣು ಅರಳಿಕೊಂಡಿತ್ತು.

"ಅದು ಕೈಗುಣ ಅಲ್ವೋ ನೆಟ್‌ವರ್ಕಪ್ಪ, ಕೈ ಚಟ" ಎಂದು ಎದ್ದೇ ನಿಂತರು. "ನೀನು ಮುಟ್ತಾ ಇದ್ದಾಗ ಅದು ಬದುಕಿರುತ್ತೆ. ಯಾರೂ ಮುಟ್ಟದೆ ಬಿಟ್ರೆ ಸಾಯುತ್ತೆ. ಭಾನುವಾರ ಹಾಲ್‌ಗೆ ರಜಾ. ಶಿಡ್ಲಘಟ್ಟಕ್ಕೆ ಬಾ. ಸಾಯಿಸಿ ನೋಡಣ."

ಆ ಭಾನುವಾರ ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾವಲುಗಾರರು ಬೀಗ ತೆಗೆದರು. ಆಪಾ ಹಾಲಿನ ಮೆಷಿನ್ ಶುರು ಮಾಡಿ, ಸುಳ್ಳು ಲಾಟಿನ ಮೇಲೆ ಒಂದು ಸಲ ಬಟನ್ ಒತ್ತಿದರು. ಚಿಕ್ಕಬಳ್ಳಾಪುರದಲ್ಲಿ ದಾಖಲಾಯಿತು. "ಇನ್ನು ಜುಮ್ಮಾ ಬಿಡುವಿನಷ್ಟು ಹೊತ್ತು ಯಾರೂ ಏನೂ ಮುಟ್ಟಬಾರದು" ಎಂದು ನನ್ನ ಫೋನ್ ಕಿತ್ತುಕೊಂಡು ತಮ್ಮ ಬ್ಯಾಗಿಗೆ ಹಾಕಿದರು. ಆಮೇಲೆ ಅದೇ ಬ್ಯಾಗಿನಿಂದ ಒಂದು ರಾಶಿ ಅವರೆಕಾಯಿ ತೆಗೆದು ಪೇಪರ್ ಹಾಸಿ ನನ್ನ ಮುಂದೆ ಸುರಿದರು. "ನಿನ್ ಕೈಗೆ ಕೆಲಸ ಬೇಕಲ್ವಾ? ಸುಲಿ. ಹಿದುಕಿದ ಬೇಳೆ ಸಾರು ಮಾಡ್ತೀನಿ ಸಾಯಂಕಾಲ."

ನೂಲಿನ ವಾಸನೆ ತುಂಬಿದ ಆ ಖಾಲಿ ಹಾಲಿನಲ್ಲಿ ನಾವಿಬ್ಬರೂ ಎದುರು ಬದುರು ಕೂತು ಅವರೆಕಾಯಿ ಸುಲಿದೆವು. ಕೈ ಕಟ್ಟಿಹಾಕಿದರೆ ನನ್ನ ಬಾಯಿ ಬಿಚ್ಚಿಕೊಳ್ಳುತ್ತದೆ. ಮಂಡಿಕಲ್ಲಿನ ಹತ್ತಿರ ನಮ್ಮ ಚಿಕ್ಕತಾತ ಎಮ್ಮೆ ಕೊಳ್ಳಲು ಹೋಗಿ ಹೆಣ್ಣು ನಿಶ್ಚಯ ಮಾಡಿಕೊಂಡು ಬಂದ ಕಥೆ ಹೇಳತೊಡಗಿದೆ. ಆಪಾ ಹ್ಞೂಂ ಅನ್ನುತ್ತಾ ಬಂದರು. ಕಥೆ ರಸವತ್ತಾದ ಜಾಗಕ್ಕೆ ಬರುವ ಹೊತ್ತಿಗೆ ಆಕೆ ಗೋಡೆಯ ಗಡಿಯಾರ ನೋಡುತ್ತಾ ಸುಮ್ಮನಾದರು. ನಾನೂ ನಿಲ್ಲಿಸಿದೆ.

"ಯಾಕೆ ನಿಲ್ಲಿಸ್ದೆ? ಎಮ್ಮೆ ಏನಾಯ್ತು?"

"ನೀವು ಹ್ಞೂಂ ಅನ್ಲಿಲ್ಲ. ನಮ್ಮಜ್ಜಿ ಹತ್ರ ಹಂಗೇ ಅಭ್ಯಾಸ. ಮಕ್ಕಳು ಹ್ಞೂಂ ಅನ್ನೋದು ನಿಲ್ಸಿದ್ರೆ ನಿದ್ದೆ ಹೋದ್ವು ಅಂತ ತಿಳ್ಕೊಂಡು ಕಥೆ ಅಲ್ಲಿಗೇ ಮುಚ್ಚಿಡೋಳು. ಆಮೇಲೆ ಎಚ್ಚರ ಇದೀನಿ ಅಂತ ಎಷ್ಟು ಕೂಗಿದ್ರೂ ಕಿವಿಗೇ ಹಾಕ್ಕೊಳ್ತಿರಲಿಲ್ಲ."

ಆಪಾ ಅವರೆಕಾಯಿ ಕೆಳಗೆ ಹಾಕಿದರು. "ಏನಂದೆ? ಇನ್ನೊಂದ್ಸಲ ಹೇಳು."

ಹೇಳಿದೆ. ಆಕೆ ಎದ್ದು, ಕೈ ಒರೆಸಿಕೊಂಡು, ಬಟನ್ ಒತ್ತಿದರು. ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು.

"ಸತ್ತಿದೆ" ಎಂದು ಮೆಲ್ಲಗೆ ಅಂದು, ಆಮೇಲೆ ಹಾಲೆಲ್ಲ ಮೊಳಗುವ ಹಾಗೆ "ಸತ್ತಿದೆ ಕಣೋ, ಸತ್ತಿದೆ!" ಎಂದು ಚಪ್ಪಾಳೆ ತಟ್ಟಿದರು. ಕಾವಲುಗಾರರು ಹೊರಗಿನಿಂದ ಓಡಿಬಂದು "ಯಾರಮ್ಮ, ಯಾರು?" ಎಂದು ಗಾಬರಿಯಾದರು. ನಮಗೆ ನಗು ತಡೆಯಲಾಗಲಿಲ್ಲ.

ಆಮೇಲಿನ ಹೊತ್ತು ಬೇಟೆಯ ಹಾಗಿತ್ತು. ಹಾಲಿನ ಮೆಷಿನ್ನಿನಿಂದ ಹೊರಟ ಮಾತನ್ನು ಆಕೆ ಒಂದು ಲ್ಯಾಪ್‌ಟಾಪಿನಲ್ಲಿ ನೋಡಿದರು. ಹೋಗುತ್ತಿದೆ, ಉತ್ತರವಿಲ್ಲ, ಮತ್ತೆ ಅದನ್ನೇ ಕಳಿಸುತ್ತಿದೆ, ಮತ್ತೆ ಉತ್ತರವಿಲ್ಲ. ನಾನು ಇನ್ನೊಂದರಲ್ಲಿ ಚಿಕ್ಕಬಳ್ಳಾಪುರದ ಕಡೆ ನೋಡಿದೆ. ಡೇಟಾಬೇಸಿನ ಬಾಗಿಲಿಗೆ ಏನೂ ಬಂದೇ ಇಲ್ಲ. ಹಾಗಾದರೆ ನಡುದಾರಿಯಲ್ಲಿ. ನಡುದಾರಿಯಲ್ಲಿ ಕೂತಿರುವುದು ಫೈರ್‌ವಾಲ್, ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂದು ಗುರುತಿಟ್ಟುಕೊಂಡು ಗೊತ್ತಿದ್ದವರನ್ನು ಮಾತ್ರ ಬಿಡುವ ಕಾವಲು ಪೆಟ್ಟಿಗೆ. ಅದನ್ನು ತೆರೆದು ನೋಡಿದೆ. ಅಲ್ಲಿತ್ತು! ಒಂದು ಗಂಟೆ ಇಬ್ಬರೂ ಮಾತಾಡದಿದ್ದರೆ ಆ ಕನೆಕ್ಷನ್ನಿನ ಗುರುತನ್ನೇ ಅದು ಅಳಿಸಿಹಾಕುತ್ತದೆ. ಅದು ಕೆಟ್ಟಿರಲಿಲ್ಲ, ಅದರ ನಿಯಮವೇ ಹಾಗೆ. ಆದರೆ ಅಳಿಸಿದ್ದೇನೆಂದು ಆ ಕಡೆಯವರಿಗಾಗಲಿ ಈ ಕಡೆಯವರಿಗಾಗಲಿ ಹೇಳುವುದಿಲ್ಲ. ಹಾಲಿನ ಮೆಷಿನ್ ತನ್ನ ಕೈಯಲ್ಲಿ ಜೀವಂತ ಕನೆಕ್ಷನ್ ಇದೆಯೆಂದೇ ನಂಬಿ ಉತ್ತರ ಕಳಿಸುತ್ತದೆ, ಕಾವಲು ಪೆಟ್ಟಿಗೆ ಗುರುತಿಲ್ಲವೆಂದು ಅದನ್ನು ಬದಿಗೆ ಎಸೆಯುತ್ತದೆ. ಇತ್ತ ಮೆಷಿನ್ ಕಾಯುತ್ತದೆ. ಕಾದು ಕಾದು ಸಾಕಾಗಿ ಹೊಸ ಕನೆಕ್ಷನ್ ಮಾಡಿಕೊಳ್ಳುವ ಹೊತ್ತಿಗೆ ಪಾಪ, ಆ ಹೆಂಗಸಿನ ಲಾಟು ಬಿದ್ದಿರುತ್ತದೆ. ಬೇರೆ ದಿನ ಇಷ್ಟು ಉದ್ದದ ಬಿಡುವು ಇಲ್ಲ. ಬೆಳಿಗ್ಗೆ ಮೆಷಿನ್ ಹೊಸದಾಗಿ ಶುರುವಾಗುತ್ತದೆ. ಉಳಿದದ್ದು ಶುಕ್ರವಾರ ಒಂದೇ.

"ನಿಮ್ಮಜ್ಜೀನೇ ಕಣೋ ಅಲ್ಲಿ ಕೂತಿರೋದು" ಎಂದರು ಆಪಾ. "ಹ್ಞೂಂ ಕೇಳಿಸ್ಲಿಲ್ಲ, ಕಥೆ ಮುಚ್ಚಿಟ್ಳು."

"ಆದ್ರೆ ಆಪಾ, ಸುಮ್ನಿದ್ದಾಗ್ಲೂ ಆಗಾಗ ಹ್ಞೂಂ ಅನ್ನೋ ವ್ಯವಸ್ಥೆ ಮೆಷಿನ್ನಲ್ಲೇ ಇರುತ್ತಲ್ವಾ?"

ಆಕೆ ಹುಡುಕಿ ತೆಗೆದರು. ಇತ್ತು. ಎರಡು ಗಂಟೆ ಕಳೆದ ಮೇಲೆ ಮೊದಲನೇ ಹ್ಞೂಂ. ಅಜ್ಜಿ ಒಂದು ಗಂಟೆಗೇ ಕಥೆ ಮುಚ್ಚಿಟ್ಟು ಮಲಗಿರುತ್ತಾಳೆ.

ಕಾವಲು ಪೆಟ್ಟಿಗೆಯ ನೆನಪನ್ನು ಒಂದು ಗಂಟೆಯಿಂದ ನಾಲ್ಕು ಗಂಟೆಗೆ ಏರಿಸಿಬಿಡುತ್ತೇನೆ, ಒಂದು ನಿಮಿಷದ ಕೆಲಸ ಎಂದೆ. ಆಪಾ ಬೇಡವೆಂದರು. "ನಾಳೆ ಆ ಪೆಟ್ಟಿಗೆ ಬದಲಾಯಿಸ್ತೀರ, ಮರೀತೀರ. ಕೇಳೋರನ್ನ ಎಚ್ಚರ ಇರು ಅಂತ ಬಲವಂತ ಮಾಡೋದಲ್ಲಪ್ಪ. ನಾವು ಹ್ಞೂಂ ಅಂತಿರಬೇಕು." ಐದೈದು ನಿಮಿಷಕ್ಕೊಂದು ಪುಟ್ಟ ಸುದ್ದಿ ಹೋಗಿ ಬರುವ ಹಾಗೆ ಮಾಡಿದರು. ಒಳಗೇನೂ ವಿಷಯವಿಲ್ಲ, ಇದ್ದೀನಿ ಅನ್ನುವುದಷ್ಟೇ. ಜೊತೆಗೆ ಯಾವುದೇ ಉತ್ತರ ಕಳಿಸುವ ಮೊದಲು "ಇದೀಯಾ?" ಎಂದು ಕೇಳಿ, ಇಲ್ಲವಾದರೆ ತಡಮಾಡದೆ ಹೊಸ ಕನೆಕ್ಷನ್ ಹಿಡಿಯುವ ಹಾಗೆ ಮಾಡಿದರು. ಮತ್ತೆ ಅಷ್ಟೇ ಹೊತ್ತು ಕಾದೆವು. ಎಮ್ಮೆಯ ಕಥೆ ಮುಗಿಸಿದೆ. ಅವರೆಕಾಯಿಯೂ ಮುಗಿದಿತ್ತು. ಬಟನ್ ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ದಾಖಲಾಯಿತು.

ಶುಕ್ರವಾರ ಬಂತು. ಪ್ರಿಂಟರ್ ಕೆಟ್ಟಿದೆಯೆಂಬ ನೆಪದಲ್ಲಿ ಆಪಾ ನನ್ನನ್ನು ಗೌರಿಬಿದನೂರಿಗೆ ಕಳಿಸಿದರು. "ನಿನ್ನ ಕೈ ಆ ತಾಲ್ಲೂಕಲ್ಲೇ ಇರಬಾರದು." ತಾವು ಹೋಗಿ ಹಾಲಿನ ಮೂಲೆಯಲ್ಲಿ, ಏನನ್ನೂ ಮುಟ್ಟದೆ, ಕಾರ್ಯದರ್ಶಿಗಳ ಪಕ್ಕದಲ್ಲಿ ಕೂತರು. ಬಿಡುವು ಮುಗಿಯುವ ಹೊತ್ತಿಗೆ ನನಗೆ ಫೋನ್ ಮಾಡಿ, ಮಾತಾಡದೆ ಹಾಗೇ ಹಿಡಿದುಕೊಂಡರು. ನಾನು ಇಲ್ಲಿ ಬಿಚ್ಚಿಟ್ಟ ಪ್ರಿಂಟರಿನ ಮುಂದೆ ಉಸಿರು ಬಿಗಿಹಿಡಿದು ಕೂತೆ.

ಮೊದಲ ಲಾಟು ಒಬ್ಬ ವಿಧವೆಯದು. ಮನೆಯ ಹಿಂದಿನ ಚಪ್ಪರದಡಿ ಒಬ್ಬಳೇ ನೂಲು ತೆಗೆಯುವ ಹೆಂಗಸು, ಆಪಾ ಅವರ ಬೀದಿಯವಳೇ. ಎರಡು ಶುಕ್ರವಾರ ಲಾಟು ಕಳೆದುಕೊಂಡಿದ್ದವಳು. ಬೆಲೆ ಕೂಗುವುದು ಕೇಳಿಸಿತು. ಏರಿತು, ನಿಂತಿತು. ಫೋನಿಗೆ ಹೋಯಿತು ಎಂದು ಗುಮಾಸ್ತರು ಹೇಳಿದ್ದೂ ಕೇಳಿಸಿತು. ನಾನು ಪ್ರಿಂಟರಿನ ಸ್ಕ್ರೂಗಳನ್ನು ಎಣಿಸತೊಡಗಿದೆ.

"ಬಂತು" ಎಂದರು ಗುಮಾಸ್ತರು. ಆಮೇಲೆ ಸ್ವಲ್ಪ ತಡೆದು, "ಬೇಡ ಅಂತ ಬಂದಿದೆ."

ಹಾಲಿನಲ್ಲಿ ಗುಜುಗುಜು. ಯಾರೋ ಒಬ್ಬರು ಜೋರಾಗಿ ಹೇಳಿದರು, "ನೋಡಿದ್ರಾ ಸಾರ್, ಇವತ್ತೂ ಮೆಷಿನ್ ಕೆಡ್ತು. ಒಪ್ಪಿಗೆ ಒತ್ತಿದ್ರೆ ಬೇಡ ಅಂತ ತೋರಿಸ್ತಿದೆ."

ಆಗ ಆಪಾ ಅವರ ದನಿ ಕೇಳಿಸಿತು. ಆಕೆ ಎಂದೂ ದನಿ ಎತ್ತಿದವರಲ್ಲ, ಆಗಲೂ ಎತ್ತಲಿಲ್ಲ. "ಮೆಷಿನ್ ಚೆನ್ನಾಗಿದೆ ಅಣ್ಣ. ಆಯಮ್ಮಂಗೆ ನಿಮ್ಮ ಬೆಲೆ ಬೇಡವಂತೆ."

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, "ಇನ್ನೊಂದ್ಸಲ ಕೂಗಿ" ಎಂದರು. ಕೂಗಿದರು. ಈ ಸಲ ಮೊದಲು ನಿಂತ ಜಾಗದಲ್ಲಿ ಬೆಲೆ ನಿಲ್ಲಲಿಲ್ಲ. ಮತ್ತೆ ಫೋನಿಗೆ ಹೋಯಿತು. ಒಪ್ಪಿಗೆ ಬಂತು. ಆಪಾ ಫೋನನ್ನು ಕಿವಿಗೆ ಹಚ್ಚಿಕೊಂಡು "ನೆಟ್‌ವರ್ಕಪ್ಪ" ಎಂದರು. "ಇದೀನಿ ಆಪಾ" ಎಂದೆ. ಆ ಕಡೆಯಿಂದ "ಅಮ್ಮ ಇರಬೇಕಿತ್ತು ಕಣೋ" ಎಂದರು. ನಾನು ಹ್ಞೂಂ ಅಂದೆ.

ಬಟನ್ ಉಳಿಯಿತು. ಹೆಂಗಸರಿಗೆ ಫೋನ್ ಒತ್ತಲು ಬರುವುದಿಲ್ಲ ಎಂಬ ಮಾತು ಹಾಲಿನಲ್ಲಿ ಮತ್ತೆ ಎದ್ದಿಲ್ಲ. ನನ್ನ ಕೈಗುಣದ ಖ್ಯಾತಿ ಮಾತ್ರ ಮಣ್ಣುಪಾಲಾಯಿತು. ಕಾವಲುಗಾರರು ನನ್ನನ್ನು ಕಂಡಾಗಲೆಲ್ಲ "ಬಂದ್ರಪ್ಪ ಚಟದೋರು" ಎನ್ನುತ್ತಾರೆ.

ಆಪಾ ಹೋಗಿ ಈಗ ಎರಡು ವರ್ಷ. ಕಾಯಿಲೆ ಬಂದದ್ದೂ ಆಕೆ ತೀರಿಕೊಂಡದ್ದೂ ಬೇಗ. ಕೊನೆಯ ದಿನಗಳಲ್ಲಿ ಮಾತಾಡಲು ಆಯಾಸವೆಂದು ಫೋನಿನಲ್ಲಿ ನನ್ನಿಂದಲೇ ಮಾತಾಡಿಸುತ್ತಿದ್ದರು. ಎಮ್ಮೆಯ ಕಥೆಯನ್ನೇ ಮತ್ತೆ ಕೇಳಿದರು. ನಾನು ಹೇಳುತ್ತಾ ಹೋದೆ. ದೂರ ದೂರದ ಹ್ಞೂಂ, ಆದರೆ ಬಂತು, ಕಥೆ ಮುಗಿಯುವವರೆಗೂ ಬಂತು. ನನ್ನ ಬಾಯಿಬಡುಕತನವನ್ನು ಒಂದು ಗುಣವೆಂದು ತಿಳಿದು ಕೇಳಿದವರು ಅಜ್ಜಿಯ ನಂತರ ಆಕೆಯೊಬ್ಬರೇ. ಇದನ್ನೆಲ್ಲ ಬರೆಯಬೇಕೆಂಬ ಧೈರ್ಯ ನನಗೆ ಬಂದದ್ದು ಆ ಹ್ಞೂಂಗಳಿಂದ.

ಮೊನ್ನೆ ಎಲ್ಲವನ್ನೂ ಹೊಸ ಸರ್ವರಿಗೆ ಸಾಗಿಸುತ್ತಿದ್ದೆವು. ಆಪಾ ಕೂರುತ್ತಿದ್ದ ಜಾಗದಲ್ಲಿ ಈಗ ಚಿಂತಾಮಣಿಯ ಒಬ್ಬ ಇಂಜಿನಿಯರ್ ಇದ್ದಾಳೆ, ಚುರುಕಾದ ಹೆಣ್ಣುಮಗಳು. ಪರದೆ ನೋಡುತ್ತಾ ಕೇಳಿದಳು, "ಸಾರ್, ಐದು ನಿಮಿಷಕ್ಕೊಂದ್ಸಲ ಏನೋ ಖಾಲಿ ಪ್ಯಾಕೆಟ್ ಹೋಗ್ತಾ ಇರುತ್ತೆ. ಒಳಗೇನೂ ಇಲ್ಲ. ವೇಸ್ಟ್ ಅಲ್ವಾ, ತೆಗೆದುಬಿಡ್ಲಾ?"

ನಾನು ಕುರ್ಚಿ ಎಳೆದುಕೊಂಡು ಕೂತೆ. ಬೆರಳಚ್ಚಿನ ಮೆಷಿನ್ನಿನಿಂದ ಶುರುಮಾಡಿದೆ. ಆಪಾ ಅವರ ಅಮ್ಮ, ಹರಾಜು ಹಾಲ್, ಜುಮ್ಮಾ, ನನ್ನ ಕೈಗುಣ, ಎಲ್ಲ ಹೇಳುತ್ತಾ ಅವರೆಕಾಯಿಯ ಹತ್ತಿರ ಬಂದೆ. ಅವಳು ಅಷ್ಟರಲ್ಲಿ ಪರದೆಯ ಮೇಲೆ ಬೇರೆ ಏನನ್ನೋ ನೋಡತೊಡಗಿದ್ದಳು. ನಿಲ್ಲಿಸಿದೆ.

ಸ್ವಲ್ಪ ಹೊತ್ತಾದ ಮೇಲೆ ತಿರುಗಿದಳು. "ಹೇಳಿ ಸಾರ್, ಕೇಳಿಸ್ಕೊತಾ ಇದೀನಿ."

"ಹಂಗಾದ್ರೆ ಹ್ಞೂಂ ಅನ್ನಮ್ಮ" ಎಂದೆ. "ಹೇಳ್ತೀನಿ."